ಆಗದ ಕೆಲಸಕ್ಕೆ ಕೊಡಬೇಕಾದ ಉತ್ತರ: ಫೈಲ್ ಸಿಸ್ಟಮ್‌ಗಳು ಮತ್ತು ಎರರ್ ಕೋಡ್



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಸಾಫ್ಟ್‌ವೇರ್ ಲೋಕದ ಒಂದು ಒಳಮನೆಯ ವಿಷಯ. ಪ್ರೋಗ್ರಾಂ ಒಂದು ಫೈಲ್ ಸಿಸ್ಟಮ್‌ಗೆ ಒಂದು ಕೆಲಸ ಹೇಳುತ್ತದೆ. ಫೈಲ್ ತೆರೆ, ಹೆಸರು ಬದಲಿಸು, ಇಷ್ಟು ಜಾಗ ಕಾದಿರಿಸು ಎನ್ನುತ್ತದೆ. ಆ ಕೆಲಸ ಮಾಡುವ ಸಾಮರ್ಥ್ಯವೇ ಆ ಫೈಲ್ ಸಿಸ್ಟಮ್‌ಗೆ ಇಲ್ಲದಿದ್ದರೆ ಅದು ಏನೆಂದು ಉತ್ತರಿಸಬೇಕು? ಉತ್ತರ ಹೋಗುವುದು ಒಂದು ಸಂಖ್ಯೆಯ ರೂಪದಲ್ಲಿ. ಅದಕ್ಕೆ ನಾವು ಎರರ್ ಕೋಡ್ ಎನ್ನುತ್ತೇವೆ. ಆ ಸಂಖ್ಯೆಯನ್ನು ಆರಿಸುವುದು ಬರೆಯುವವನ ಇಷ್ಟಕ್ಕೆ ಬಿಟ್ಟ ಕೆಲಸ ಎಂದು ಬಹಳ ಜನ ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಮಾಡಿದ ಕೆಲಸ ಎಷ್ಟು ಸರಿಯಾಗಿರಬೇಕೋ ಮಾಡಲಾಗದ ಕೆಲಸಕ್ಕೆ ಕೊಟ್ಟ ಉತ್ತರವೂ ಅಷ್ಟೇ ಸರಿಯಾಗಿರಬೇಕು. ಅದು ತಪ್ಪಿದಲ್ಲಿ ಜನರ ದಾಖಲೆಗಳು ಹಾಳಾಗುತ್ತವೆ. ಇದನ್ನು ಒಂದೊಂದಾಗಿ ನಿದರ್ಶನಗಳ ಮೂಲಕ ತಮ್ಮ ಮುಂದಿಡುತ್ತೇನೆ.

ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಹುಟ್ಟಿದ ಕಾಲಕ್ಕೆ ಈ ಪ್ರಶ್ನೆ ಹೆಚ್ಚುಕಡಿಮೆ ಇರಲೇ ಇಲ್ಲ. ಇದ್ದದ್ದು ಒಂದೇ ಬಗೆಯ ಫೈಲ್ ಸಿಸ್ಟಮ್. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಏನು ಮಾಡಬಲ್ಲದೋ ಅದನ್ನೆಲ್ಲ ಅದೂ ಮಾಡಬಲ್ಲದಾಗಿತ್ತು. 1979ರ ಏಳನೇ ಆವೃತ್ತಿಯ ಹೊತ್ತಿಗೆ ಎರರ್ ಕೋಡ್‌ಗಳು 34 ಇದ್ದವು. ಇಂದಿನ ಲಿನಕ್ಸ್‌ನಲ್ಲಿಯೂ ಮೊದಲ 34 ಸಂಖ್ಯೆಗಳು ಅವೇ. 1 ಎಂದರೆ ಅನುಮತಿಯಿಲ್ಲದ ಕೆಲಸ, 2 ಎಂದರೆ ಅಂಥ ಫೈಲ್ ಇಲ್ಲ, 5 ಎಂದರೆ ಓದುವಾಗಲೋ ಬರೆಯುವಾಗಲೋ ಸಾಧನವೇ ಕೈಕೊಟ್ಟಿದೆ, 22 ಎಂದರೆ ಕೇಳಿದ ರೀತಿ ತಪ್ಪು, 28 ಎಂದರೆ ಜಾಗ ಮುಗಿದಿದೆ. ಆ ಪಟ್ಟಿಯಲ್ಲಿ ‘ಈ ಕೆಲಸ ನನ್ನಲ್ಲಿಲ್ಲ’ ಎನ್ನುವುದಕ್ಕೆಂದೇ ಮೀಸಲಾದ ಸಂಖ್ಯೆ ಇರಲಿಲ್ಲ. ಹತ್ತಿರದ್ದೆಂದರೆ 25 ಮಾತ್ರ, ಅದು ಟೆಲಿಟೈಪ್ ಯಂತ್ರಗಳ ಕಾಲದ್ದು. ಟರ್ಮಿನಲ್ ಅಲ್ಲದ ಸಾಧನಕ್ಕೆ ಟರ್ಮಿನಲ್‌ನ ಆಜ್ಞೆ ಕೊಟ್ಟರೆ ಬರುತ್ತಿದ್ದ ಉತ್ತರ ಅದು.

1980ರ ದಶಕದ ನಡುವಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಎಂಜಿನಿಯರುಗಳು ಒಂದೇ ಕರ್ನಲ್‌ನ ಕೆಳಗೆ ಹಲವು ಫೈಲ್ ಸಿಸ್ಟಮ್‌ಗಳು ಒಟ್ಟಿಗೆ ಬದುಕುವ ಏರ್ಪಾಡನ್ನು ರೂಪಿಸಿದರು. ಸ್ಟೀವ್ ಕ್ಲೈಮನ್ 1986ರಲ್ಲಿ ಅದನ್ನು ಪ್ರಬಂಧವಾಗಿ ಮಂಡಿಸಿದರು. ಯಂತ್ರದ ಡಿಸ್ಕಿನಲ್ಲಿರುವ ಫೈಲ್, ಜಾಲದ ಆಚೆಗಿನ ಎನ್‌ಎಫ್‌ಎಸ್ ಸರ್ವರ್‌ನಲ್ಲಿರುವ ಫೈಲ್ ಎರಡನ್ನೂ ಪ್ರೋಗ್ರಾಂ ಒಂದೇ ರೀತಿ ಕೇಳಬಹುದಾಯಿತು. ಪ್ರತಿ ಫೈಲ್ ಸಿಸ್ಟಮ್ ತನಗೆ ಬರುವ ಕೆಲಸಗಳ ಒಂದು ಕೋಷ್ಟಕವನ್ನು ಕರ್ನಲ್‌ಗೆ ಕೊಡುತ್ತದೆ. ಕೆಲವರ ಕೋಷ್ಟಕದಲ್ಲಿ ಕೆಲವು ಮನೆಗಳು ಖಾಲಿ ಇರುವುದು ಸಹಜ. ಆ ಖಾಲಿ ಮನೆಯನ್ನು ಯಾರಾದರೂ ತಟ್ಟಿದರೆ ಏನು ಹೇಳಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಲಿನಕ್ಸ್ ಕರ್ನಲ್ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ಒಂದಲ್ಲ, ಹಲವು. ಫೈಲಿಗೆ ಮುಂಗಡವಾಗಿ ಜಾಗ ಕಾದಿರಿಸುವ ಮನೆ ಖಾಲಿ ಇದ್ದರೆ 95 ಬರುತ್ತದೆ: ಈ ಕಾರ್ಯಕ್ಕೆ ಬೆಂಬಲವಿಲ್ಲ ಎಂದರ್ಥ. ಈ ಸಂಖ್ಯೆ ಮೂಲತಃ ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಜಾಲದ ಸಾಕೆಟ್‌ಗಳಿಗಾಗಿ ಬಂದದ್ದು. ಫೈಲ್ ಸಿಸ್ಟಮ್‌ಗಳು ಅದನ್ನು ಆಮೇಲೆ ತಮ್ಮದಾಗಿಸಿಕೊಂಡವು. ಆದರೆ ಫೋಲ್ಡರ್ ಸೃಷ್ಟಿಸುವ ಮನೆ ಖಾಲಿ ಇದ್ದರೆ ಬರುವುದು 1, ಅಂದರೆ ಅನುಮತಿಯಿಲ್ಲ. ಹೊಸ ಫೈಲ್ ಸೃಷ್ಟಿಸುವ ಮನೆ ಖಾಲಿ ಇದ್ದರೆ 13, ಅಂದರೆ ಪ್ರವೇಶವಿಲ್ಲ. ಆ ಕೊನೆಯ ಸಾಲಿನ ಪಕ್ಕದಲ್ಲಿಯೇ, ಇದು ‘ಜಾರಿಗೆ ಬಂದಿಲ್ಲ’ ಎಂಬ ಕೋಡ್ ಆಗಬೇಕಿತ್ತಲ್ಲವೇ ಎಂದು ಕೇಳುವ ಒಂದು ಟಿಪ್ಪಣಿ ಕರ್ನಲ್‌ನ ಮೂಲಪಠ್ಯದಲ್ಲಿ ಬಹುಕಾಲದಿಂದ ಇದೆ. ಬರೆದವರಿಗೇ ಅನುಮಾನ ಇತ್ತು. ಹಾಗಿದ್ದೂ ಅದನ್ನು ಬದಲಿಸದಿರುವುದಕ್ಕೆ ಕಾರಣ ಉಂಟು: ಒಮ್ಮೆ ಹೊರಗೆ ಹೋದ ಎರರ್ ಕೋಡನ್ನು ನಂಬಿ ಜಗತ್ತಿನ ಎಲ್ಲೋ ಒಂದು ಪ್ರೋಗ್ರಾಂ ನಡೆಯುತ್ತಿರುತ್ತದೆ. ಮೊದಲ ಸಲವೇ ಸರಿಯಾದ ಸಂಖ್ಯೆ ಆರಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದರ ಪರಿಣಾಮ ಸಾಮಾನ್ಯ ಬಳಕೆದಾರರನ್ನೂ ಮುಟ್ಟುತ್ತದೆ. ಚೆನ್ನೈನ ಸಿ-ಡ್ಯಾಕ್ ಕೇಂದ್ರ ಡೆಬಿಯನ್ ಆಧಾರದ ಮೇಲೆ ರೂಪಿಸಿ 2007ರಲ್ಲಿ ಹೊರತಂದ ಬಾಸ್ ಲಿನಕ್ಸನ್ನು ಬಳಸುವ ಒಬ್ಬರು ತಮ್ಮ ಪೆನ್‌ಡ್ರೈವ್‌ನಲ್ಲಿ ಒಂದು ಸಾಂಕೇತಿಕ ಕೊಂಡಿ, ಅಂದರೆ ಸಿಮ್‌ಲಿಂಕ್, ಮಾಡಲು ಹೊರಟರು ಎನ್ನಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯವು; ಅಂಥ ಕೊಂಡಿಯನ್ನು ಇಡುವ ಸ್ಥಳವೇ ಆ ವಿನ್ಯಾಸದಲ್ಲಿಲ್ಲ. ಪರದೆಯ ಮೇಲೆ ಬರುವ ಸಂದೇಶ ಮಾತ್ರ ‘ಆಪರೇಷನ್ ನಾಟ್ ಪರ್ಮಿಟೆಡ್’. ಅದನ್ನು ಓದಿದವರು ಮಾಡುವ ಮುಂದಿನ ಕೆಲಸ ಸುಡೊ ಹಾಕುವುದು, ಅಂದರೆ ರೂಟ್ ಅಧಿಕಾರದಲ್ಲಿ ಅದೇ ಆಜ್ಞೆಯನ್ನು ಮತ್ತೆ ಕೊಡುವುದು. ಉತ್ತರ ಬದಲಾಗುವುದಿಲ್ಲ, ಏಕೆಂದರೆ ಅಡ್ಡಿ ಅಧಿಕಾರದ್ದಲ್ಲ. ಬ್ಯಾಂಕಿನ ಕೌಂಟರಿನಲ್ಲಿ ‘ಈ ಸೇವೆ ನಮ್ಮ ಶಾಖೆಯಲ್ಲಿ ಇಲ್ಲ’ ಎನ್ನಬೇಕಾದ ಸಿಬ್ಬಂದಿ ‘ಮ್ಯಾನೇಜರ್ ಸಹಿ ತನ್ನಿ’ ಎಂದು ಕಳಿಸಿದರೆ ಗ್ರಾಹಕ ಎಷ್ಟು ಅಲೆಯುತ್ತಾನೋ, ಈ ಬಳಕೆದಾರರೂ ಅಷ್ಟೇ ಅಲೆಯುತ್ತಾರೆ.

ಎರರ್ ಕೋಡನ್ನು ಓದುವವನು ಮನುಷ್ಯನಿಗಿಂತ ಮೊದಲು ಇನ್ನೊಂದು ಪ್ರೋಗ್ರಾಂ ಎಂಬುದನ್ನು ನಾವು ಮರೆಯಬಾರದು. ಆ ಪ್ರೋಗ್ರಾಂ ಸಂಖ್ಯೆಯನ್ನು ನೋಡಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತದೆ. ಇದು ಚೆನ್ನಾಗಿ ನಡೆಯುವ ಒಂದು ಹಳೆಯ ಉದಾಹರಣೆ ಇದೆ. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವ ಎಂವಿ ಎಂಬ ಆಜ್ಞೆ ಮೊದಲು ಹೆಸರು ಬದಲಿಸುವ ಸಿಸ್ಟಮ್ ಕಾಲ್ ಅನ್ನೇ, ಅಂದರೆ ಕರ್ನಲ್‌ಗೆ ಮಾಡುವ ಕರೆಯನ್ನೇ, ಪ್ರಯತ್ನಿಸುತ್ತದೆ. ಎರಡು ಜಾಗಗಳೂ ಬೇರೆ ಬೇರೆ ಫೈಲ್ ಸಿಸ್ಟಮ್‌ನಲ್ಲಿದ್ದರೆ ಅದು ಸಾಧ್ಯವಿಲ್ಲ. ಆಗ ಬರುವ ಉತ್ತರ 18: ಇದು ಎಲ್ಲೆ ದಾಟುವ ಕೆಲಸ. ಆ ಸಂಖ್ಯೆ ಕಂಡೊಡನೆ ಎಂವಿ ಫೈಲನ್ನು ನಕಲಿಸಿ, ನಕಲು ಪೂರ್ತಿಯಾದ ಮೇಲೆ ಮೂಲವನ್ನು ಅಳಿಸುತ್ತದೆ. ಬಳಕೆದಾರನಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ ಫೈಲ್ ಸಿಸ್ಟಮ್ 5 ಎಂದು, ಅಂದರೆ ಸಾಧನ ಕೆಟ್ಟಿದೆ ಎಂದು ಉತ್ತರಿಸಿದ್ದರೆ ಎಂವಿ ಕೆಲಸ ನಿಲ್ಲಿಸಿಬಿಡುತ್ತಿತ್ತು; ನಿಲ್ಲಿಸಬೇಕಾದದ್ದೂ ಸರಿಯೇ. ನಿರಾಕರಣೆ ಕರಾರುವಾಕ್ಕಾಗಿದ್ದುದರಿಂದಲೇ ಬದಲಿ ದಾರಿ ತೆರೆಯಿತು.

‘ಇಲ್ಲ’ ಎನ್ನುವ ಕೋಡ್‌ಗಳಲ್ಲಿಯೂ ತಾರತಮ್ಯವಿದೆ. 38 ಎಂದರೆ ಈ ಸಿಸ್ಟಮ್ ಕಾಲೇ ನನಗೆ ಗೊತ್ತಿಲ್ಲ. 95 ಎಂದರೆ ಕಾಲ್ ಗೊತ್ತು, ಆದರೆ ಈ ಫೈಲ್ ಸಿಸ್ಟಮ್ ಮೇಲೆ ಅದು ನಡೆಯದು. 22 ಎಂದರೆ ನೀನು ಕಳಿಸಿದ ಆಯ್ಕೆಗಳಲ್ಲಿ ಏನೋ ಸರಿಯಿಲ್ಲ. ಮೊದಲನೆಯದನ್ನು ಕಂಡ ಪ್ರೋಗ್ರಾಂ ಆ ಯಂತ್ರದಲ್ಲಿ ಮತ್ತೆಂದೂ ಅದನ್ನು ಕೇಳಬೇಕಾಗಿಲ್ಲ. ಎರಡನೆಯದನ್ನು ಕಂಡರೆ ಬೇರೊಂದು ಡಿಸ್ಕಿನ ಮೇಲೆ ಮತ್ತೆ ಕೇಳಬಹುದು. ಮೂರನೆಯದು ನಿಜಕ್ಕೂ ಕಷ್ಟದ್ದು. ಹೆಸರು ಬದಲಿಸುವ ಹೊಸ ಸಿಸ್ಟಮ್ ಕಾಲ್ 2014ರಲ್ಲಿ ಬಂದಾಗ, ಇರುವ ಫೈಲಿನ ಮೇಲೆ ಬರೆಯಬೇಡ ಎಂಬ ಆಯ್ಕೆಯನ್ನು ಫೈಲ್ ಸಿಸ್ಟಮ್ ಬೆಂಬಲಿಸದಿದ್ದರೂ 22, ಕೇಳಿದ್ದೇ ತಪ್ಪಾಗಿದ್ದರೂ 22 ಎಂದಾಯಿತು. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕಟ್ಟಿಹಾಕಿದ್ದು ಒಳ್ಳೆಯ ನಿರ್ಧಾರವಲ್ಲ ಎಂದೇ ನನ್ನ ಅಭಿಪ್ರಾಯ. ಪ್ರೋಗ್ರಾಂ ಬರೆಯುವವನಿಗೆ ತನ್ನ ತಪ್ಪೋ ಡಿಸ್ಕಿನ ಮಿತಿಯೋ ತಿಳಿಯದೆ ಹೋಗುತ್ತದೆ.

38 ಮತ್ತು 1ರ ನಡುವಿನ ಗೊಂದಲ ಇತ್ತೀಚೆಗೆ ದೊಡ್ಡ ಪ್ರಮಾಣದಲ್ಲಿಯೇ ಕಾಣಿಸಿಕೊಂಡಿತು. ಫೈಲಿಗೆ ಪ್ರವೇಶ ಇದೆಯೇ ಎಂದು ಪರೀಕ್ಷಿಸುವ ಒಂದು ಹೊಸ ಸಿಸ್ಟಮ್ ಕಾಲ್ 2020ರ ಲಿನಕ್ಸ್ 5.8ರಲ್ಲಿ ಬಂತು. ಪ್ರೋಗ್ರಾಂಗಳ ಪರವಾಗಿ ಕರ್ನಲ್‌ನೊಡನೆ ಮಾತಾಡುವ ಗ್ನೂ ಸಿ ಲೈಬ್ರರಿ ಅದನ್ನು ಬಳಸತೊಡಗಿತು. ಹಳೆಯ ಕರ್ನಲ್‌ನಿಂದ 38 ಬಂದರೆ ಹಳೆಯ ವಿಧಾನಕ್ಕೆ ಹಿಂದಿರುಗುವ ವ್ಯವಸ್ಥೆಯನ್ನೂ ಇಟ್ಟುಕೊಂಡಿತ್ತು. ಆದರೆ ಡಾಕರ್‌ನಂಥ ಕಂಟೈನರ್‌ಗಳ ಭದ್ರತಾ ಜರಡಿ ತನಗೆ ಪರಿಚಯವಿಲ್ಲದ ಸಿಸ್ಟಮ್ ಕಾಲ್‌ಗಳಿಗೆಲ್ಲ 1 ಎಂದು ಉತ್ತರಿಸುತ್ತಿತ್ತು. ಲೈಬ್ರರಿ ಅದನ್ನು ನಿಜವಾದ ಅನುಮತಿ ನಿರಾಕರಣೆ ಎಂದೇ ತಿಳಿಯಿತು. ಕಣ್ಣೆದುರೇ ಇರುವ, ಎಲ್ಲ ಅನುಮತಿಯೂ ಇರುವ ಫೈಲನ್ನು ಪ್ರೋಗ್ರಾಂಗಳು ತೆರೆಯಲಾಗದು ಎಂದುಕೊಂಡವು. 2021ರಲ್ಲಿ ಕಂಟೈನರ್ ನಡೆಸುವ ರನ್‌ಸಿ ತಂತ್ರಾಂಶವನ್ನು ತಿದ್ದಿ, ಜರಡಿ ಬರೆದ ಕಾಲಕ್ಕೆ ಇಲ್ಲದಿದ್ದ ಹೊಸ ಕಾಲ್‌ಗಳಿಗೆ 38 ಎಂದೇ ಉತ್ತರಿಸುವಂತೆ ಮಾಡಲಾಯಿತು. ಭದ್ರತೆಗೆ ಇದರಿಂದ ಏನೂ ಕುಂದಾಗಲಿಲ್ಲ. ನಿರಾಕರಣೆ ನಿರಾಕರಣೆಯಾಗಿಯೇ ಉಳಿಯಿತು, ಕಾರಣ ಮಾತ್ರ ಸತ್ಯವಾಯಿತು.

38ಕ್ಕೆ ಇನ್ನೊಂದು ಶಕ್ತಿ ಇರುವುದು ಫ್ಯೂಸ್‌ನಲ್ಲಿ. ಕರ್ನಲ್‌ನ ಹೊರಗೆ, ಸಾಧಾರಣ ಪ್ರೋಗ್ರಾಂ ರೂಪದಲ್ಲಿಯೇ ಫೈಲ್ ಸಿಸ್ಟಮ್ ಬರೆಯಲು ಅವಕಾಶ ಕೊಡುವ ಈ ಏರ್ಪಾಡು 2005ರ ಲಿನಕ್ಸ್ 2.6.14ರಲ್ಲಿ ಸೇರಿತು. ಫ್ಯೂಸ್ ಮೂಲಕ ಬರೆದ ಫೈಲ್ ಸಿಸ್ಟಮ್ ಒಂದು ಕೆಲಸಕ್ಕೆ 38 ಎಂದು ಉತ್ತರಿಸಿದರೆ ಕರ್ನಲ್ ಅನೇಕ ಕೆಲಸಗಳ ವಿಷಯದಲ್ಲಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ಮೌಂಟ್, ಅಂದರೆ ಫೈಲ್ ಸಿಸ್ಟಮ್‌ನ ಆ ಜೋಡಣೆ, ಇರುವವರೆಗೂ ಅದೇ ಕೆಲಸವನ್ನು ಮತ್ತೆ ಕೇಳುವುದೇ ಇಲ್ಲ. ಇದು ಒಳ್ಳೆಯ ಉಳಿತಾಯ: ಸುಮ್ಮನೆ ಓಡಾಡುವ ಪ್ರಶ್ನೆಗಳು ತಪ್ಪುತ್ತವೆ. ಅಪಾಯವೂ ಇಲ್ಲಿಯೇ ಇದೆ. ಒಂದು ಫೈಲಿನ ಮಟ್ಟಿಗೆ ಮಾತ್ರ, ಒಂದು ಕ್ಷಣದ ಮಟ್ಟಿಗೆ ಮಾತ್ರ ಆಗದಿದ್ದ ಕೆಲಸಕ್ಕೆ ಬರೆಯುವವನು ಆಲೋಚಿಸದೆ 38 ಕೊಟ್ಟನೋ, ಉಳಿದ ಎಲ್ಲ ಫೈಲ್‌ಗಳಿಗೂ ಆ ಬಾಗಿಲು ಮುಚ್ಚಿತು. ಆ ಉತ್ತರದ ವ್ಯಾಪ್ತಿ ಎಷ್ಟು ದೂರದ್ದೆಂದು ತಿಳಿಯದೆ ಕೊಟ್ಟ ಉತ್ತರ ಅದು.

ಇನ್ನೂ ಗಂಭೀರವಾದ ಒಂದು ಅಂಶ ಫ್ಯೂಸ್‌ನಲ್ಲಿದೆ. ಬರೆದದ್ದನ್ನು ಡಿಸ್ಕಿಗೆ ಖಚಿತವಾಗಿ ಮುಟ್ಟಿಸು ಎಂದು ಹೇಳುವ ಎಫ್‌ಸಿಂಕ್ ಕಾಲ್‌ಗೆ ಫೈಲ್ ಸಿಸ್ಟಮ್ 38 ಎಂದರೆ, ಕರ್ನಲ್ ಅದನ್ನು ಕೇಳಿದ ಪ್ರೋಗ್ರಾಂಗೆ ಯಶಸ್ಸು ಎಂದು ತಿಳಿಸುತ್ತದೆ. ನೆನಪಿನಲ್ಲಿಯೇ, ಅಂದರೆ ರ್‍ಯಾಮ್‌ನಲ್ಲಿಯೇ ಇರುವ ಫೈಲ್ ಸಿಸ್ಟಮ್‌ಗೆ ಇದು ಒಪ್ಪುವ ಮಾತು; ಮುಟ್ಟಿಸಲು ಡಿಸ್ಕೇ ಇಲ್ಲ, ಬಳಸುವವರಿಗೂ ಅದು ಗೊತ್ತು. ಜಾಲದ ಆಚೆಗೆ ಡೇಟಾ ಕಳಿಸುವ ಫೈಲ್ ಸಿಸ್ಟಮ್‌ಗೆ ಇದು ಒಪ್ಪುವುದಿಲ್ಲ. ಅಲ್ಲಿ ಎಫ್‌ಸಿಂಕ್ ಬರೆಯದೆ ಬಿಟ್ಟರೆ, ಡೇಟಾಬೇಸ್ ತನ್ನ ದಾಖಲೆ ಭದ್ರವಾಗಿದೆ ಎಂದು ನಂಬಿರುತ್ತದೆ, ದಾಖಲೆ ಇನ್ನೂ ದಾರಿಯಲ್ಲಿರುತ್ತದೆ.

ಇಲ್ಲಿಂದ ನಾನು ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ತಪ್ಪು ಕಾರಣ ಹೇಳುವುದು ಒಂದು ದೋಷ. ಮಾಡದ ಕೆಲಸವನ್ನು ಮಾಡಿದೆನೆಂದು ಹೇಳುವುದು ಅದಕ್ಕಿಂತ ಎಷ್ಟೋ ದೊಡ್ಡ ದೋಷ. ಫ್ಯಾಟ್ ಫೈಲ್ ಸಿಸ್ಟಮ್‌ಗೆ ಲಿನಕ್ಸ್‌ನಲ್ಲಿ ಕ್ವಯಟ್ ಎಂಬ ಒಂದು ಮೌಂಟ್ ಆಯ್ಕೆ ಇದೆ. ಅದನ್ನು ಹಾಕಿದರೆ ಫೈಲಿನ ಒಡೆಯನನ್ನೋ ಅನುಮತಿಯನ್ನೋ ಬದಲಿಸುವ ಆಜ್ಞೆಗಳು ವಿಫಲವಾದರೂ ದೋಷ ತೋರಿಸುವುದಿಲ್ಲ. ಎಚ್ಚರದಿಂದ ಬಳಸಿ ಎಂದು ಕೈಪಿಡಿಯೇ ಹೇಳುತ್ತದೆ. ಹಳೆಯ ಪ್ರೋಗ್ರಾಂಗಳು ಸಣ್ಣ ದೋಷಕ್ಕೆ ನಿಂತುಹೋಗದಿರಲಿ ಎಂಬ ಸದುದ್ದೇಶ ಅದರ ಹಿಂದಿದೆ. ಆದರೆ ಬೇರೆಯವರು ಓದಬಾರದೆಂದು ಅನುಮತಿ ಬದಲಿಸಿದವರಿಗೆ ಸರಿ ಎಂದು ಹೇಳಿ ಫೈಲನ್ನು ತೆರೆದೇ ಬಿಟ್ಟರೆ ಆ ಸದುದ್ದೇಶದ ಬೆಲೆಯನ್ನು ಕಟ್ಟುವವರು ಯಾರು?

ಫೈಲ್ ತೆರೆಯುವ ಮೂಲ ಸಿಸ್ಟಮ್ ಕಾಲ್‌ನಲ್ಲಿಯೇ ಇಂಥದೊಂದು ಹಳೆಯ ಸಡಿಲಿಕೆ ಇದೆ. ತನಗೆ ಗೊತ್ತಿಲ್ಲದ ಆಯ್ಕೆಗಳು ಬಂದರೆ ಅದು ನಿರಾಕರಿಸುವುದಿಲ್ಲ, ಗಮನಿಸದೆ ಮುಂದೆ ಹೋಗುತ್ತದೆ. 2013ರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲ್ ಸೃಷ್ಟಿಸುವ ಹೊಸ ಆಯ್ಕೆಯನ್ನು ಸೇರಿಸಿದವರಿಗೆ ಇದು ತಲೆನೋವಾಯಿತು. ಹಳೆಯ ಕರ್ನಲ್ ಅದನ್ನು ಕಡೆಗಣಿಸಿ ಬೇರೇನೋ ಮಾಡಿದರೆ? ಆ ಆಯ್ಕೆಯ ಸಂಖ್ಯೆಯೊಳಗೆ ಫೋಲ್ಡರ್ ಮಾತ್ರ ತೆರೆ ಎಂಬ ಹಳೆಯ ಆಯ್ಕೆಯನ್ನೂ ಹೆಣೆದು, ಹಳೆಯ ಕರ್ನಲ್‌ಗಳು ಖಂಡಿತ ವಿಫಲವಾಗುವಂತೆ ಮಾಡಿದರು. ಜಾಣತನದ ಕೆಲಸವೇ ಸರಿ. ಆದರೆ ಮೊದಲೇ ನಿರಾಕರಿಸುವ ಶಿಸ್ತು ಇದ್ದಿದ್ದರೆ ಅದು ಬೇಕಾಗುತ್ತಿರಲಿಲ್ಲ. 2020ರಲ್ಲಿ ಲಿನಕ್ಸ್ 5.6ರಲ್ಲಿ ಬಂದ ಹೊಸ ತೆರೆಯುವ ಕಾಲ್, ಗೊತ್ತಿಲ್ಲದ ಆಯ್ಕೆ ಕಂಡರೆ 22 ಎಂದು ಸ್ಪಷ್ಟವಾಗಿ ಹೇಳುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಲಿನಕ್ಸ್ ಫೈಲ್ ಸಿಸ್ಟಮ್‌ಗಳಲ್ಲಿಯೂ ಡ್ರೈವರ್‌ಗಳಲ್ಲಿಯೂ ಎರರ್ ಕೋಡ್‌ಗಳು ಕೆಳಗಿನ ಪದರದಿಂದ ಮೇಲಿನವರೆಗೆ ತಲುಪುತ್ತವೆಯೇ ಎಂದು ಅವರು ಯಾಂತ್ರಿಕವಾಗಿ ಜಾಡು ಹಿಡಿದು ನೋಡಿದರು. 1,153 ಕಡೆಗಳಲ್ಲಿ, ಅಂದರೆ ಪರೀಕ್ಷಿಸಿದ ಕರೆಗಳಲ್ಲಿ ಸುಮಾರು 13 ಪ್ರತಿಶತದಲ್ಲಿ, ಕೋಡ್ ದಾರಿಯಲ್ಲಿಯೇ ಕಳೆದುಹೋಗುತ್ತಿತ್ತು. ಡಿಸ್ಕ್ ಕೆಟ್ಟಿದೆ ಎಂದು ಕೆಳಗಿನವರು ಹೇಳಿದರೂ ಮೇಲಿನವರಿಗೆ ಕೇಳಿಸಲಿಲ್ಲ ಎಂದರ್ಥ. ಹತ್ತು ವರ್ಷಗಳ ಬಳಿಕ, 2018ರಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವವರಿಗೆ ಇದರದೇ ಇನ್ನೊಂದು ಮುಖ ಕಂಡಿತು. ಎಫ್‌ಸಿಂಕ್ ಒಮ್ಮೆ ವಿಫಲವಾದ ಮೇಲೆ ಲಿನಕ್ಸ್ ಆ ಪುಟಗಳನ್ನು ಬರೆದು ಮುಗಿದವೆಂದೇ ಗುರುತಿಸುತ್ತಿತ್ತು. ಮತ್ತೆ ಎಫ್‌ಸಿಂಕ್ ಕೇಳಿದರೆ ಯಶಸ್ಸು ಎನ್ನುತ್ತಿತ್ತು. ಮತ್ತೊಮ್ಮೆ ಪ್ರಯತ್ನಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಡೇಟಾಬೇಸ್ ನಿಂತಿತ್ತು. 2019ರ ಫೆಬ್ರವರಿಯ ಆವೃತ್ತಿಗಳಿಂದ, ಎಫ್‌ಸಿಂಕ್ ಒಮ್ಮೆ ವಿಫಲವಾದೊಡನೆ ಪೋಸ್ಟ್‌ಗ್ರೆಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು ದಿನಚರಿಯ ಕಡತದಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುವ ಕ್ರಮಕ್ಕೆ ಬಂತು.

ಆಗದ ಕೆಲಸವನ್ನು ಅನುಕರಿಸಿ ಮಾಡಿ ತೋರಿಸುವುದು ಸರಿಯೇ ಎಂಬುದು ಇದಕ್ಕೆ ಅಂಟಿಕೊಂಡ ಪ್ರಶ್ನೆ. ಫೈಲಿಗೆ ಮುಂಗಡ ಜಾಗ ಕಾದಿರಿಸುವ ಫಾಲೊಕೇಟ್ ಎಂಬ ಸಿಸ್ಟಮ್ ಕಾಲ್ 2007ರ ಲಿನಕ್ಸ್ 2.6.23ರಲ್ಲಿ ಬಂತು. ಅದನ್ನು ಬರೆದು, ಚರ್ಚೆಗಿಟ್ಟು, ತಿದ್ದಿ, ಕರ್ನಲ್‌ಗೆ ಸೇರುವವರೆಗೆ ಹೊತ್ತವರು ಐಬಿಎಂನ ಭಾರತ ತಂಡದಲ್ಲಿದ್ದ ಅಮಿತ್ ಅರೋರ. ಕಾಲ್‌ನ ರೂಪ ಹೇಗಿರಬೇಕು ಎಂಬ ಬಗ್ಗೆ ಅಂದು ಕರ್ನಲ್ ಬರೆಯುವವರ ನಡುವೆ ದೀರ್ಘ ಚರ್ಚೆಯೇ ನಡೆಯಿತು. ಕೊನೆಗೆ ನಿಂತದ್ದು ಸ್ವಚ್ಛವಾದ ನಿಯಮ: ಬೆಂಬಲವಿಲ್ಲದ ಫೈಲ್ ಸಿಸ್ಟಮ್ 95 ಎನ್ನಬೇಕು, ಅನುಕರಣೆ ಕರ್ನಲ್‌ನ ಕೆಲಸವಲ್ಲ.

ಆದರೆ ಕರ್ನಲ್‌ನ ಮೇಲಿನ ಪದರವಾದ ಗ್ನೂ ಸಿ ಲೈಬ್ರರಿಯಲ್ಲಿ ಇದೇ ಕೆಲಸಕ್ಕೆ ಪೋಸಿಕ್ಸ್ ಎಂಬ ಮಾನದಂಡ ಹೇಳುವ ರೂಪ ಇದೆ. ಕರ್ನಲ್ 95 ಎಂದರೆ ಅದು ಸೋಲೊಪ್ಪುವುದಿಲ್ಲ. ಫೈಲಿನ ಉದ್ದಕ್ಕೂ ಹೆಚ್ಚೆಂದರೆ 4,096 ಬೈಟ್‌ಗಳಿಗೊಮ್ಮೆ ಒಂದೊಂದು ಬೈಟ್ ಬರೆಯುತ್ತ ಹೋಗಿ ಜಾಗ ಹಿಡಿಯುತ್ತದೆ. ಒಂದು ಗಿಗಾಬೈಟ್ ಫೈಲಿಗೆ ಇದು ಕನಿಷ್ಠ 2,62,144 ಸಣ್ಣ ಬರಹಗಳು. ಈ ಕೆಲಸದ ಅರಿವೇ ಇಲ್ಲದ ಹಳೆಯ ಎನ್‌ಎಫ್‌ಎಸ್ ಮೂರನೇ ಆವೃತ್ತಿಯ ಮೇಲೆ ಇದು ಎಷ್ಟು ನಿಧಾನವೆಂದು ಊಹಿಸಬಹುದು. ನಿಧಾನವನ್ನಾದರೂ ಸಹಿಸಬಹುದು. ಬೈಟ್ ಸೊನ್ನೆಯಾಗಿದೆಯೇ ಎಂದು ಓದಿ ನೋಡಿ, ಆಮೇಲೆ ಸೊನ್ನೆ ಬರೆಯುವ ಆ ಎರಡು ಕ್ಷಣಗಳ ನಡುವೆ ಇನ್ನೊಂದು ಪ್ರೋಗ್ರಾಂ ಅಲ್ಲಿ ನಿಜವಾದ ಡೇಟಾ ಬರೆದಿದ್ದರೆ ಅದು ಅಳಿಸಿಹೋಗುತ್ತದೆ. ಇನ್ನು, ಹೊಸದಾಗಿ ಬರೆದದ್ದನ್ನೆಲ್ಲ ಹೊಸ ಜಾಗದಲ್ಲಿಯೇ ಇಡುವ ಝಡ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಮ್‌ನಲ್ಲಿ ಈ ಸೊನ್ನೆಗಳನ್ನು ಬರೆದಿಟ್ಟು ಏನೂ ಪ್ರಯೋಜನವಿಲ್ಲ. ಮುಂದೆ ಬರೆಯುವಾಗ ಜಾಗ ಸಿಗುವುದೆಂಬ ಭರವಸೆ ಅಲ್ಲಿ ಹುಟ್ಟುವುದೇ ಇಲ್ಲ. ಕೇಳಿದವನು ಕೇಳಿದ್ದು ಒಂದು ಭರವಸೆಯನ್ನು. ಅವನಿಗೆ ಸಿಕ್ಕಿದ್ದು ಆ ಭರವಸೆಯ ಹೊರರೂಪ. ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ ಈ ಅನುಕರಣೆಯ ಗೋಜಿಗೆ ಹೋಗದೆ ಕರ್ನಲ್‌ನ ಉತ್ತರವನ್ನೇ ಮುಂದಕ್ಕೆ ಕೊಡುತ್ತದೆ. ನನ್ನ ಒಲವು ಆ ಕಡೆಗೆ. ಫಲವೂ ಭರವಸೆಯೂ ಎರಡೂ ಒಂದೇ ಆಗಿ ಬರುವಲ್ಲಿ, ಎಂವಿಯ ನಕಲಿನಂತೆ, ಅನುಕರಣೆ ಒಪ್ಪಿತ. ಭರವಸೆ ಕಳಚಿಹೋಗುವಲ್ಲಿ ನಿರಾಕರಣೆಯೇ ಪ್ರಾಮಾಣಿಕ.

ಈಗ ತಮಿಳುನಾಡು, ಕರ್ನಾಟಕ ಎರಡನ್ನೂ ಕೂಡಿಸುವ ಒಂದು ತಂತ್ರಾಂಶದ ಕಡೆ ಬರೋಣ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಓದಿದ ಆನಂದ್ ಬಾಬು ಪೆರಿಯಸಾಮಿ ಕಟ್ಟಿದ ಗ್ಲಸ್ಟರ್ ಕಂಪನಿಯ ಎಂಜಿನಿಯರಿಂಗ್ ಬಹುಪಾಲು ಬೆಂಗಳೂರಿನಲ್ಲಿ ನಡೆಯಿತು. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಅನೇಕ ಯಂತ್ರಗಳ ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಫೈಲ್ ಸಿಸ್ಟಮ್ ಆಗಿ ತೋರಿಸುವುದು ಗ್ಲಸ್ಟರ್ ಎಫ್‌ಎಸ್‌ನ ಕೆಲಸ. ಅದರ ಒಳಗೆ ಟ್ರಾನ್ಸ್‌ಲೇಟರ್‌ಗಳೆಂಬ ಪದರಗಳು ಒಂದರ ಮೇಲೊಂದು ಇರುತ್ತವೆ. ಬಳಕೆದಾರನ ಕಡೆ ಫ್ಯೂಸ್, ಕೆಳತುದಿಯಲ್ಲಿ ಬ್ರಿಕ್ ಎಂದು ಕರೆಯುವ ಸಾಧಾರಣ ಎಕ್ಸ್‌ಎಫ್‌ಎಸ್ ಅಥವಾ ಎಕ್ಸ್‌ಟ್-4 ಡಿಸ್ಕು.

ಎರರ್ ಕೋಡ್‌ನ ಎಲ್ಲ ಕಷ್ಟಗಳೂ ಇಲ್ಲಿ ಒಟ್ಟಿಗೆ ಕೂಡಿಬರುತ್ತವೆ. ಗ್ಲಸ್ಟರ್ ತನ್ನ ಲೆಕ್ಕಪತ್ರವನ್ನು, ಅಂದರೆ ಯಾವ ಫೈಲಿನ ಗುರುತು ಯಾವುದು, ಯಾವ ಪ್ರತಿ ಹಿಂದುಳಿದಿದೆ ಎಂಬುದನ್ನು, ಬ್ರಿಕ್‌ನ ಫೈಲ್‌ಗಳ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಎಂಬ ಹೆಚ್ಚುವರಿ ಗುಣಗಳಲ್ಲಿ ಬರೆದಿಡುತ್ತದೆ. ಬ್ರಿಕ್‌ಗೆ ಆ ಗುಣಗಳೇ ಗೊತ್ತಿಲ್ಲದಿದ್ದರೆ ಕಟ್ಟಡಕ್ಕೆ ಬುನಾದಿಯೇ ಇಲ್ಲ. ಆಗ ಬರುವ ಕೋಡ್ 95. ಆ ಸಂದರ್ಭಕ್ಕೆಂದು ಗ್ಲಸ್ಟರ್‌ನ ಕೆಳಪದರ ಬರೆಯುವ ಲಾಗ್ ಸಂದೇಶ ಮಾದರಿಯಾಗಿದೆ: ಆಟ್ರಿಬ್ಯೂಟ್‌ಗೆ ಬೆಂಬಲವಿಲ್ಲ ಎಂದು ಹೇಳುವುದರ ಜೊತೆಗೆ, ಯೂಸರ್-ಎಕ್ಸ್‌ಆಟರ್ ಆಯ್ಕೆ ಹಾಕಿ ಬ್ರಿಕ್ ಅನ್ನು ಮತ್ತೆ ಮೌಂಟ್ ಮಾಡಿ ನೋಡಿ ಎಂದೂ ಹೇಳುತ್ತದೆ. ಅದನ್ನು ಪ್ರತಿ ಸಲವೂ ಬರೆಯದೆ ಆಗಾಗ ಮಾತ್ರ ಬರೆಯುತ್ತದೆ, ಏಕೆಂದರೆ ಸೆಕೆಂಡಿಗೆ ಸಾವಿರ ಸಲ ಬರುವ ಒಂದೇ ಸಂದೇಶ ಲಾಗ್‌ನಲ್ಲಿರುವ ಉಳಿದೆಲ್ಲವನ್ನೂ ಮುಳುಗಿಸಿಬಿಡುತ್ತದೆ. ಇದನ್ನು ಬರೆದವರು ರಾತ್ರಿ ಸರ್ವರ್ ಕಾಯುವವರ ಸ್ಥಿತಿಯನ್ನು ಬಲ್ಲವರು.

ನಡುವಿನ ಪದರಗಳ ನೀತಿ ಇನ್ನೂ ಸೂಕ್ಷ್ಮ. ಕರ್ನಲ್‌ನ ಕೋಷ್ಟಕದಲ್ಲಿ ಖಾಲಿ ಮನೆ ಎಂದರೆ ನಿರಾಕರಣೆ. ಗ್ಲಸ್ಟರ್‌ನಲ್ಲಿ ಒಂದು ಟ್ರಾನ್ಸ್‌ಲೇಟರ್ ಒಂದು ಕೆಲಸದ ಬಗ್ಗೆ ಏನೂ ಬರೆದಿಲ್ಲವಾದರೆ ಆ ಕೆಲಸ ಹಾಗೆಯೇ ಕೆಳಗಿನ ಪದರಕ್ಕೆ ಹೋಗುತ್ತದೆ. ವೇಗ ಹೆಚ್ಚಿಸುವ ಪದರಕ್ಕೋ ಲೆಕ್ಕ ಇಡುವ ಪದರಕ್ಕೋ ಇದು ಅನುಕೂಲ. ಡೇಟಾವನ್ನು ಗೂಢಲಿಪಿಗೆ ತಿರುಗಿಸುವ ಪದರವೊಂದನ್ನು ಊಹಿಸಿಕೊಳ್ಳಿ. ಅದು ಬರೆಯದೆ ಬಿಟ್ಟ ಹೊಸ ಕೆಲಸವೊಂದು ಅದರ ಕಣ್ಣು ತಪ್ಪಿಸಿ ನೇರ ಕೆಳಗಿಳಿದರೆ ಡೇಟಾ ಬಯಲಾಗಬಹುದು, ಇಲ್ಲವೇ ಕೆಡಬಹುದು. ಡೇಟಾದ ರೂಪವನ್ನು ಬದಲಿಸುವ ಪದರ ತನಗೆ ತಿಳಿಯದ್ದನ್ನು ತಡೆದು 95 ಎನ್ನಬೇಕು. ಬದಲಿಸದ ಪದರ ಕೆಳಗೆ ಬಿಡಬಹುದು. ಈ ಭೇದವನ್ನು ವಿನ್ಯಾಸದ ಮೊದಲ ದಿನವೇ ಬರೆದಿಡಬೇಕು. ಹಾಗೆಯೇ ಮೂರು ಯಂತ್ರಗಳಲ್ಲಿ ಪ್ರತಿ ಇಡುವಾಗ ಒಂದು ಯಂತ್ರ ಆಯಿತೆಂದು, ಒಂದು ಆಗದೆಂದು, ಒಂದು ಸಂಪರ್ಕವೇ ಇಲ್ಲವೆಂದು ಹೇಳಿದರೆ ಮೇಲಕ್ಕೆ ಹೋಗಬೇಕಾದದ್ದು ಒಂದೇ ಉತ್ತರ. ಯಾವ ಕೋಡ್ ಯಾವುದಕ್ಕಿಂತ ಮುಖ್ಯ ಎಂಬ ಕ್ರಮ ಆ ಪದರದಲ್ಲಿ ಇಲ್ಲದಿದ್ದರೆ ಕೊನೆಗೆ ಬಂದವನ ಮಾತೇ ಎಲ್ಲರ ಮಾತಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಈ ವಿಷಯ ಇನ್ನೊಂದು ಬದಿಯಿಂದಲೂ ತಟ್ಟುತ್ತದೆ. ಎಕ್ಸ್‌ಟ್-4 ಫೈಲ್ ಸಿಸ್ಟಮ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಹಾಗಾಗಿ ನಮಗೆ ಸಿಗುವುದು 85 ಸಂಕೇತ ಮಾತ್ರ. ಒತ್ತಕ್ಷರಗಳಿದ್ದರೆ ಇನ್ನೂ ಕಡಿಮೆ: ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತ, ಹದಿನೆಂಟು ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸುವ ಕ್ರಮ ಬೇರೆ. ಅಲ್ಲಿ ಅದೇ 255 ಎಂದರೆ 255 ಕನ್ನಡ ಸಂಕೇತಗಳು. ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಓಲೆಗರಿಗಳಿವೆ. ಅಂಥ ಸಂಗ್ರಹದ ಚಿತ್ರಗಳಿಗೆ ಯಾರಾದರೂ ವಿಂಡೋಸ್‌ನಲ್ಲಿ ಕೃತಿ, ಕರ್ತೃ, ಓಲೆಯ ಸಂಖ್ಯೆ ಎಲ್ಲವನ್ನೂ ಸೇರಿಸಿ ನೂರು ಸಂಕೇತಗಳ ಹೆಸರು ಕೊಟ್ಟರೆ ಲಿನಕ್ಸ್ ಸರ್ವರ್‌ಗೆ ನಕಲಿಸುವಾಗ 36 ಬರುತ್ತದೆ: ಹೆಸರು ಅತಿ ಉದ್ದ. ಈ ಉತ್ತರ ಸರಿಯಾದದ್ದು, ನಾನು ಅದನ್ನು ಮೆಚ್ಚುತ್ತೇನೆ. ನಕಲಿಸುವ ಪ್ರೋಗ್ರಾಂ ಅದನ್ನು ನುಂಗಿ ಹೆಸರಿನ ಬಾಲವನ್ನು ತಾನೇ ಕತ್ತರಿಸಿದರೆ ಓಲೆಯ ಸಂಖ್ಯೆ ಹಾರಿಹೋಗಿ ಎರಡು ಓಲೆಗಳಿಗೆ ಒಂದೇ ಹೆಸರಾಗುತ್ತದೆ, ಒಂದು ಇನ್ನೊಂದನ್ನು ಅಳಿಸುತ್ತದೆ.

‘ಕೋಶ’ ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ ಮೂರು ಸಂಕೇತಗಳಲ್ಲಿಯೂ ಬರೆಯಬಹುದು, ಓಕಾರವನ್ನು ಮೂರು ತುಂಡಾಗಿಸಿ ಐದು ಸಂಕೇತಗಳಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ತುಂಡಾಗಿಸಿಯೇ ಇಡುತ್ತಿತ್ತು; ಎಕ್ಸ್‌ಟ್-4 ಸಾಮಾನ್ಯವಾಗಿ ಬೈಟ್‌ಗಳನ್ನು ಮಾತ್ರ ಹೋಲಿಸುತ್ತದೆ. ಆ ಯಂತ್ರದಿಂದ ಈ ಯಂತ್ರಕ್ಕೆ ಬಂದ ಫೈಲ್ ಪಟ್ಟಿಯಲ್ಲಿ ಕಾಣುತ್ತದೆ, ಹೆಸರು ಟೈಪಿಸಿ ತೆರೆದರೆ 2 ಬರುತ್ತದೆ, ಅಂಥ ಫೈಲ್ ಇಲ್ಲ. 2019ರ ಲಿನಕ್ಸ್ 5.2ರಲ್ಲಿ ಎಕ್ಸ್‌ಟ್-4ಗೆ ಬಂದ ಕೇಸ್‌ಫೋಲ್ಡ್ ಸೌಲಭ್ಯವನ್ನು ಹಾಕಿಕೊಂಡ ಫೋಲ್ಡರ್‌ಗಳಲ್ಲಿ ಈ ಎರಡು ರೂಪಗಳು ಒಂದೇ ಎಂದು ಪರಿಗಣಿತವಾಗುತ್ತವೆ. ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರಕ್ಕೆಂದು ಮಾಡಿದ ಏರ್ಪಾಡು ಕನ್ನಡದ ಈ ತೊಡಕನ್ನೂ ನೀಗಿಸುತ್ತದೆ ಎಂಬುದು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಕೆಲಸ ಹೇಳುವ ಮೊದಲೇ ಇದು ನಿನ್ನಲ್ಲಿದೆಯೇ ಎಂದು ಕೇಳಿಕೊಂಡರೆ ಆಗದೇ ಎಂದು ಕೆಲವರು ಕೇಳಬಹುದು. ಹೆಸರಿನ ಮಿತಿಯಂಥ ಸ್ಥಿರ ಸಂಗತಿಗಳಿಗೆ ಕೇಳುವ ವಿಧಾನ ಇದೆ, ಎನ್‌ಎಫ್‌ಎಸ್‌ನಲ್ಲಿಯೂ ಇದೆ. ಉಳಿದ ಕಡೆ ಕೇಳುವ ಕ್ಷಣಕ್ಕೂ ಮಾಡುವ ಕ್ಷಣಕ್ಕೂ ನಡುವೆ ಮೌಂಟ್ ಬದಲಾಗಬಹುದು, ಸರ್ವರ್ ಬದಲಾಗಬಹುದು. ಮಾಡಿ ನೋಡಿ, ಬಂದ ಉತ್ತರದಂತೆ ನಡೆಯುವುದೇ ಗಟ್ಟಿ ದಾರಿ. ಆ ದಾರಿ ಉತ್ತರದ ನಿಖರತೆಯ ಮೇಲೆ ನಿಂತಿದೆ.

ಫೈಲ್ ಸಿಸ್ಟಮ್ ಬರೆಯುವವರು ಬಳಸುವ ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾ ಸಂಗ್ರಹ ಇದನ್ನೇ ಆಧರಿಸಿದೆ. ಮೊದಲು ಎಕ್ಸ್‌ಎಫ್‌ಎಸ್‌ಗೆಂದು ಹುಟ್ಟಿ ಈಗ ಎಲ್ಲರದಾಗಿರುವ ಅದರಲ್ಲಿ, ಪ್ರತಿ ಪರೀಕ್ಷೆ ತನಗೆ ಬೇಕಾದ ಸೌಲಭ್ಯ ಇದೆಯೇ ಎಂದು ಮೊದಲು ನೋಡುತ್ತದೆ. ಇಲ್ಲವಾದರೆ ‘ನಡೆಸಲಿಲ್ಲ’ ಎಂದು ದಾಖಲಿಸಿ ಮುಂದೆ ಹೋಗುತ್ತದೆ. ಅದು ಸೋಲೂ ಅಲ್ಲ, ಗೆಲುವೂ ಅಲ್ಲ. ಇಲ್ಲದ ಸೌಲಭ್ಯಕ್ಕೆ ಸುಳ್ಳು ಯಶಸ್ಸು ಕೊಡುವ ಫೈಲ್ ಸಿಸ್ಟಮ್ ಮಾತ್ರ ಪರೀಕ್ಷೆಗೆ ಒಳಗಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಚೆನ್ನೈನಲ್ಲಿಯೂ ಬೆಂಗಳೂರಿನಲ್ಲಿಯೂ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿಗಳಿಂದ ಫ್ಯೂಸ್ ಮೇಲೆ ಒಂದು ಸಣ್ಣ ಫೈಲ್ ಸಿಸ್ಟಮ್ ಬರೆಸಿ. ಓದುವುದು, ಬರೆಯುವುದು, ಅಳಿಸುವುದು ನಡೆದರೆ ಪೂರ್ಣ ಅಂಕ ಕೊಡಬೇಡಿ. ಅದರ ಮೇಲೆ ಸಿಮ್‌ಲಿಂಕ್ ಮಾಡಿಸಿ ನೋಡಿ, ಫಾಲೊಕೇಟ್ ಕೇಳಿ, ಆಟ್ರಿಬ್ಯೂಟ್ ಬರೆಸಿ, ಗೊತ್ತಿಲ್ಲದ ಆಯ್ಕೆ ಕಳಿಸಿ, ಎಫ್‌ಸಿಂಕ್ ಆದ ಮೇಲೆ ಪ್ರೋಗ್ರಾಂ ಕೊಂದು ಬರೆದದ್ದು ಉಳಿದಿದೆಯೇ ಎಂದು ಪರೀಕ್ಷಿಸಿ, 86 ಸಂಕೇತಗಳ ಕನ್ನಡ ಹೆಸರೊಂದನ್ನು ಕೊಡಿ, ‘ಕೋಶ’ವನ್ನು ಎರಡೂ ರೂಪದಲ್ಲಿ ಕೊಡಿ. ಪ್ರತಿಯೊಂದಕ್ಕೂ ಬಂದ ಸಂಖ್ಯೆಯನ್ನು ಬರೆಸಿ, ಅದೇ ಸಂಖ್ಯೆ ಏಕೆ ಎಂಬುದಕ್ಕೆ ವಿದ್ಯಾರ್ಥಿ ಒಂದು ವಾಕ್ಯದ ಕಾರಣ ಕೊಡಲಿ. ಅರ್ಧ ಅಂಕಗಳು ಆ ಕಾರಣಗಳಿಗೆ ಸಲ್ಲಲಿ.